ಹಿಟ್ಟಿನ ಕೈ, ಆರಿದ ಸ್ಕ್ರೀನು

ಯುಗಾದಿ ಬೆಳಿಗ್ಗೆ ಎಂಟೂವರೆ. ಮೈಸೂರಿನ ನಮ್ಮ ಮನೆಯಲ್ಲಿ ಅಮ್ಮ ಒಬ್ಬಟ್ಟಿಗೆ ಕಣಕ ಕಲಸುತ್ತಿದ್ದಳು. ಎರಡೂ ಕೈ ಮಣಿಕಟ್ಟಿನವರೆಗೆ ಹಿಟ್ಟು, ಅರಿಶಿನ, ಎಣ್ಣೆ. ಎದುರಿಗೆ ಉಪ್ಪಿನಕಾಯಿ ಜಾಡಿಗೆ ಒರಗಿಸಿ ಅವಳ ಫೋನ್ ನಿಲ್ಲಿಸಿದ್ದೆ. ಅದರಲ್ಲಿ ನಾನು ಮೂರು ತಿಂಗಳು ರಾತ್ರಿ ಕೂತು ಬರೆದ ಅಡುಗೆ ಆ್ಯಪ್ ತೆರೆದಿತ್ತು.

ನಮ್ಮ ಮನೆಯಲ್ಲಿ ಒಬ್ಬಟ್ಟು ಅಜ್ಜಿಯ ಕೆಲಸವಾಗಿತ್ತು. ಅಮ್ಮ ತಟ್ಟಿಕೊಡುತ್ತಿದ್ದಳು, ಬೇಯಿಸುತ್ತಿದ್ದಳು. ಆದರೆ ಬೇಳೆ ಎಷ್ಟು ಬೇಯಬೇಕು, ಬೆಲ್ಲ ಎಷ್ಟು, ಕಣಕ ಎಷ್ಟು ಹೊತ್ತು ನೆನೆಯಬೇಕು ಎಂಬ ಲೆಕ್ಕ ಅಜ್ಜಿಯ ಹತ್ತಿರವೇ ಇತ್ತು. ಅಜ್ಜಿ ಹೋಗಿ ವರ್ಷ ಕಳೆದು ಹಬ್ಬ ಮಾಡುತ್ತಿದ್ದದ್ದು ಅದೇ ಮೊದಲು. ಅವರ ನೋಟ್‌ಬುಕ್ಕಿನಲ್ಲಿದ್ದ ಅಡುಗೆಗಳನ್ನು ಒಂದೊಂದು ಹಂತವಾಗಿ ಬಿಡಿಸಿ ಆ್ಯಪಿಗೆ ಹಾಕಿದ್ದೆ. ಜೊತೆಗೆ ವಾಚಿಗೂ ಒಂದು ಪುಟ್ಟ ಆ್ಯಪ್, ಬರೀ ಟೈಮರ್. ಫೋನಿನಲ್ಲಿ ಹಂತ, ಕೈಯಲ್ಲಿ ಸಮಯ. ಹಬ್ಬಕ್ಕೆಂದು ಅಮ್ಮನಿಗೆ ಒಂದು ಗುಂಡು ವಾಚು ತಂದುಕೊಟ್ಟಿದ್ದೆ.

ಮೂರನೇ ಹಂತ ಓದುವಷ್ಟರಲ್ಲಿ ಫೋನ್ ಕಪ್ಪಾಯಿತು.

"ಆಫ್ ಆಯ್ತು ನೋಡು" ಎಂದಳು ಅಮ್ಮ. ನಾನು ಮುಟ್ಟಿದೆ, ಮತ್ತೆ ಬಂತು. ಅರ್ಧ ನಿಮಿಷಕ್ಕೆ ಮತ್ತೆ ಹೋಯಿತು. ಎರಡನೇ ಸಲ ಅವಳೇ ಮೊಣಕೈಯಿಂದ ಮುಟ್ಟಲು ನೋಡಿದಳು. ಸ್ಕ್ರೀನ್ ಹತ್ತಿತು, ಆದರೆ ಲಾಕ್ ಬಿಡಿಸಬೇಕು. ಬೆರಳಚ್ಚು ಕೊಡಲು ಬೆರಳ ತುಂಬ ಕಣಕ. ಮೂರನೇ ಸಲ ಅವಳು ಏನೂ ಹೇಳಲಿಲ್ಲ. ಫೋನಿನ ಕಡೆ ನೋಡುವುದನ್ನೇ ಬಿಟ್ಟಳು. ನನಗೆ ಜಾಸ್ತಿ ನೋವಾದದ್ದು ಅದೇ. ಬೈದಿದ್ದರೆ ಸರಿ, ಸುಮ್ಮನಾದರೆ ಆ ವಸ್ತು ಅವರಿಗೆ ಬೇಡವಾಯಿತು ಅಂತಲೇ ಅರ್ಥ.

ಮೂರು ತಿಂಗಳಲ್ಲಿ ಇದು ನನ್ನ ಕಣ್ಣಿಗೆ ಒಂದು ಸಲವೂ ಬಿದ್ದಿರಲಿಲ್ಲ. ನನ್ನ ಫೋನಿನಲ್ಲಿ ಸ್ಕ್ರೀನ್ ಆರುವುದೇ ಇಲ್ಲ! ಯಾಕೆ ಎಂದು ಯೋಚಿಸಿದಾಗ ಹೊಳೆಯಿತು. ಆ್ಯಂಡ್ರಾಯ್ಡ್ ಫೋನಿನ ಡೆವಲಪರ್ ಆಪ್ಷನ್ಸ್ ಒಳಗೆ 'ಸ್ಟೇ ಅವೇಕ್' ಎಂಬ ಸ್ವಿಚ್ ಇದೆ. ಅದನ್ನು ಹಾಕಿಟ್ಟರೆ ಚಾರ್ಜ್ ಆಗುತ್ತಿರುವಷ್ಟು ಹೊತ್ತು ಸ್ಕ್ರೀನ್ ಮಲಗುವುದಿಲ್ಲ. ಕೋಡ್ ಬರೆಯುವವರು ಬಹಳ ಜನ ಅದನ್ನು ಒಂದು ಸಲ ಹಾಕಿ ಮರೆತುಬಿಡುತ್ತಾರೆ, ಇಲ್ಲದಿದ್ದರೆ ಕೆಲಸವೇ ಸಾಗುವುದಿಲ್ಲ. ನನ್ನ ಫೋನ್ ದಿನವಿಡೀ ಲ್ಯಾಪ್‌ಟಾಪಿಗೆ ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಕೊಂಡೇ ಇರುತ್ತದೆ. ಅಂದರೆ ನಾನು ಪರೀಕ್ಷೆ ಮಾಡಿದ ಆ್ಯಪ್ ಕೇಬಲ್ ಕಟ್ಟಿದ ಫೋನಿನ ಆ್ಯಪ್. ಉಪ್ಪಿನಕಾಯಿ ಜಾಡಿಗೆ ಒರಗಿದ ಫೋನಿನದ್ದಲ್ಲ.

ಆ ಕ್ಷಣಕ್ಕೆ ಅಮ್ಮನ ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಸ್ಕ್ರೀನ್ ಟೈಮ್‌ಔಟನ್ನು ಹತ್ತು ನಿಮಿಷ ಮಾಡಿದೆ. ಅದು ಪರಿಹಾರ ಅಲ್ಲ. ನನ್ನ ಆ್ಯಪಿಗಾಗಿ ಅವಳ ಇಡೀ ಫೋನಿನ ನಡವಳಿಕೆ ಬದಲಿಸಿದ ಹಾಗಾಯಿತು. ನಾಳೆ ಬ್ಯಾಟರಿ ಬೇಗ ಮುಗಿದರೆ ಅವಳಿಗೆ ಕಾರಣವೂ ಗೊತ್ತಾಗುವುದಿಲ್ಲ. ಆದರೂ ಆಗ ಕಣಕ ಕಾಯುತ್ತಿತ್ತು.

ಕಣಕವನ್ನು ಎಣ್ಣೆಯಲ್ಲಿ ಮುಳುಗಿಸಿ ಮುಚ್ಚಿಟ್ಟಳು. ಎರಡು ಗಂಟೆ ನೆನೆಯಬೇಕು. ಆ ಹೊತ್ತಿನಲ್ಲಿ ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ.

ಸ್ಕ್ರೀನ್ ಆರದಂತೆ ಹಿಡಿಯಲು ಆ್ಯಂಡ್ರಾಯ್ಡಿನಲ್ಲಿ ಎರಡು ದಾರಿ ಇವೆ. ಒಂದು ವೇಕ್ ಲಾಕ್, ಫೋನ್ ಮಲಗದಂತೆ ಆ್ಯಪ್ ಹಾಕುವ ಹಿಡಿತ. ಅದಕ್ಕೆ ಪರ್ಮಿಷನ್ ಬೇಕು, ಹಿಡಿದವರೇ ಬಿಡಬೇಕು. ಬಿಡಲು ಮರೆತರೆ, ಇಲ್ಲವೇ ಬಿಡುವ ಸಾಲು ತಲುಪುವ ಮೊದಲು ಕೋಡ್ ಬೇರೆ ದಾರಿ ಹಿಡಿದರೆ, ಫೋನ್ ಜೇಬಿನಲ್ಲೇ ಎಚ್ಚರವಾಗಿದ್ದು ಬ್ಯಾಟರಿ ತಿನ್ನುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಬರೆದ ಇಂಥದೇ ಒಂದು ಸಾಲಿನಿಂದ ಊರೂರು ಸುತ್ತಿ ಮಾಹಿತಿ ತುಂಬುವವರ ಫೋನುಗಳು ಮಧ್ಯಾಹ್ನಕ್ಕೇ ಸತ್ತಿದ್ದವು. ಅವತ್ತು ಅವರು ಸಂಜೆ ಬಸ್ಸು ಹಿಡಿದು ಬಂದು ಕಾಗದದಲ್ಲಿ ಬರೆದದ್ದನ್ನು ಮತ್ತೆ ಟೈಪ್ ಮಾಡಿದ್ದರು. ಅದನ್ನು ನಾನು ಮರೆತಿಲ್ಲ.

ಇನ್ನೊಂದು ದಾರಿ ಆ್ಯಪಿನ ಕಿಟಕಿಗೆ, ಅಂದರೆ ಸ್ಕ್ರೀನಿನಲ್ಲಿ ಅದು ತೆರೆದುಕೊಳ್ಳುವ ವಿಂಡೋಗೆ, ಹಾಕುವ ಗುರುತು: 'ಫ್ಲ್ಯಾಗ್ ಕೀಪ್ ಸ್ಕ್ರೀನ್ ಆನ್'. ಒಂದೇ ಸಾಲು, ಪರ್ಮಿಷನ್ ಬೇಡ. ಆ ಆ್ಯಪಿನ ಕಿಟಕಿ ಕಣ್ಣೆದುರು ಇರುವವರೆಗೆ ಮಾತ್ರ ಅದು ಕೆಲಸ ಮಾಡುತ್ತದೆ. ಅಮ್ಮ ವಾಟ್ಸ್‌ಆ್ಯಪಿಗೆ ಹೋದರೆ, ಫೋನ್ ಬಂತೆಂದು ಎತ್ತಿದರೆ, ಹಿಡಿತ ತಾನಾಗಿ ಬಿಟ್ಟುಹೋಗುತ್ತದೆ. ನಾನು ಮರೆತರೂ ಸಿಸ್ಟಮ್ ಮರೆಯುವುದಿಲ್ಲ. ಅಡುಗೆಗೆ ಇದೇ ಸರಿ.

ಅಷ್ಟಕ್ಕೇ ನಿಲ್ಲಿಸಲು ಮನಸ್ಸಾಗಲಿಲ್ಲ. ಆ್ಯಪ್ ತೆರೆದಿಟ್ಟು ಅಮ್ಮ ಪಕ್ಕದ ಮನೆಗೆ ಬೇವು ಬೆಲ್ಲ ಕೊಡಲು ಹೋದರೆ? ಅಲ್ಲಿ ಒಂದು ಗಂಟೆ ಮಾತು ಗ್ಯಾರಂಟಿ. ಹಾಗಾಗಿ ಅಡುಗೆಯ ಹಂತಗಳು ತೆರೆದಿರುವ ಪುಟದಲ್ಲಿ ಮಾತ್ರ ಈ ಗುರುತು ಹಾಕಿದೆ, ಪಟ್ಟಿಯ ಪುಟದಲ್ಲಿ ಬೇಡ. ಟೈಮರ್ ಓಡದೇ, ಹಂತ ಬದಲಾಗದೇ ಹದಿನೈದು ನಿಮಿಷ ಕಳೆದರೆ ಗುರುತು ತೆಗೆದುಬಿಡುತ್ತೇನೆ. ಆಮೇಲೆ ಸ್ಕ್ರೀನ್ ಅವಳ ಸೆಟ್ಟಿಂಗಿನಂತೆ ಆರುತ್ತದೆ. ಟೈಮ್‌ಔಟನ್ನೂ ಮೊದಲಿದ್ದ ಮೂವತ್ತು ಸೆಕೆಂಡಿಗೇ ವಾಪಸ್ ಇಟ್ಟೆ.

ಫೋನನ್ನು ಅಡ್ಡ ತಿರುಗಿಸಿದಾಗ ಐದನೇ ಹಂತದಿಂದ ಮೊದಲನೇ ಹಂತಕ್ಕೆ ಜಿಗಿಯುವ ತೊಂದರೆಯೂ ಅಲ್ಲೇ ಸಿಕ್ಕಿತು. ತಿರುಗಿಸಿದಾಗ ಆ್ಯಂಡ್ರಾಯ್ಡ್ ಆ ಪುಟವನ್ನೇ ಕೆಡವಿ ಹೊಸದಾಗಿ ಕಟ್ಟುತ್ತದೆ. ಎಷ್ಟನೇ ಹಂತ ಎಂಬುದನ್ನು ನಾನು ಉಳಿಸಿಟ್ಟಿರಲಿಲ್ಲ. ಅದು ಐದು ನಿಮಿಷದ ಕೆಲಸ.

ದೊಡ್ಡ ಪೆಟ್ಟು ಬಿದ್ದದ್ದು ವಾಚಿನಲ್ಲಿ.

ಹತ್ತೂವರೆಗೆ ಬೇಳೆ ಇಟ್ಟಳು. ಅಜ್ಜಿಯ ಲೆಕ್ಕದಲ್ಲಿ ಒಬ್ಬಟ್ಟಿಗೆ ಬೇಳೆಯನ್ನು ಕುಕ್ಕರಿನಲ್ಲಿ ಇಡುವಂತಿಲ್ಲ, ಪಾತ್ರೆಯಲ್ಲೇ ಬೇಯಬೇಕು. ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ಕಾಳು ಕಾಳಾಗಿ ಕಾಣಬೇಕು. ಕರಗಿದರೆ ಹೂರಣ ನೀರಾಗುತ್ತದೆ, ಕಟ್ಟು ತೆಗೆಯುವಾಗ ಅರ್ಧ ಬೇಳೆ ಸಾರಿಗೇ ಹೋಗುತ್ತದೆ. ಕುದಿ ಬಂದ ಮೇಲೆ ಹದಿನೆಂಟು ನಿಮಿಷ ಎಂದು ನೋಟ್‌ಬುಕ್ಕಿನಲ್ಲಿತ್ತು. ಅಮ್ಮ ಕೈ ತೊಳೆದು ವಾಚಿನಲ್ಲಿ ಟೈಮರ್ ಒತ್ತಿ, ಕಾಯಿ ತುರಿಯಲು ಕೂತಳು.

ಎಷ್ಟೋ ಹೊತ್ತಾದ ಮೇಲೆ ಕೈ ಎತ್ತಿ ನೋಡಿದಳು. "ಇನ್ನೂ ಹನ್ನೊಂದು ನಿಮಿಷ ಇದ್ಯಲ್ಲೋ, ಆದ್ರೆ ವಾಸ್ನೆ ಬೇರೆ ಥರ ಬರ್ತಿದೆ" ಎಂದಳು. ನಾನು ಗೋಡೆ ಗಡಿಯಾರ ನೋಡಿದೆ. ಒಲೆ ಹತ್ತಿರ ಓಡುವಷ್ಟರಲ್ಲಿ ಬೇಳೆ ಮುದ್ದೆಯಾಗಿತ್ತು.

ವಾಚು ಸುಳ್ಳು ಹೇಳಿತ್ತು. ಹೇಳಿಸಿದ್ದು ನನ್ನ ಕೋಡ್. ಟೈಮರನ್ನು ನಾನು ಒಂದೊಂದು ಸೆಕೆಂಡಿಗೆ ಒಂದು ಕಳೆಯುವ ಹಾಗೆ ಬರೆದಿದ್ದೆ, ಹ್ಯಾಂಡ್ಲರ್ ಬಳಸಿ, ಅಂದರೆ ಇಷ್ಟು ಹೊತ್ತಿನ ಮೇಲೆ ಈ ಕೆಲಸ ಮಾಡು ಎಂದು ಆ್ಯಂಡ್ರಾಯ್ಡಿಗೆ ಹೇಳಿಡುವ ಸಾಧನ. ಆ್ಯಂಡ್ರಾಯ್ಡಿನ ಒಳಗೆ ಬೇರೆ ಬೇರೆ ಗಡಿಯಾರಗಳಿವೆ. ಒಂದರ ಹೆಸರು 'ಅಪ್‌ಟೈಮ್'. ಯಂತ್ರ ಗಾಢ ನಿದ್ದೆಗೆ ಹೋದರೆ ಆ ಗಡಿಯಾರವೂ ನಿಂತುಬಿಡುತ್ತದೆ. ಹ್ಯಾಂಡ್ಲರ್ ನಡೆಯುವುದು ಇದರ ಮೇಲೆ. ಇನ್ನೊಂದು 'ಎಲ್ಯಾಪ್ಸ್ಡ್ ರಿಯಲ್‌ಟೈಮ್'. ಅದು ನಿದ್ದೆಯ ಹೊತ್ತನ್ನೂ ಸೇರಿಸಿ ಎಣಿಸುತ್ತದೆ. ಅಮ್ಮ ಕೈ ಇಳಿಸಿ ಕಾಯಿ ತುರಿಯುತ್ತಿದ್ದಾಗ ವಾಚಿನ ಸ್ಕ್ರೀನ್ ಮಂಕಾಯಿತು, ಪ್ರೊಸೆಸರ್ ಮಲಗಿತು, ನನ್ನ ಎಣಿಕೆ ನಿಂತಿತು. ಕೈ ಎತ್ತಿದಾಗ ವಾಚು ಎದ್ದು, ನಡುವೆ ಏನೂ ಆಗಿಲ್ಲವೆಂಬಂತೆ ಬಿಟ್ಟಲ್ಲಿಂದ ಎಣಿಸಿತು.

ಇದೂ ನನಗೆ ಮೊದಲೇ ಕಂಡಿರಲಿಲ್ಲ. ನನ್ನ ಪರೀಕ್ಷೆಯ ವಾಚು ಚಾರ್ಜರ್ ಬಿಲ್ಲೆಯ ಮೇಲೆ ಕೂತು, ವೈಫೈ ಮೂಲಕ ಲ್ಯಾಪ್‌ಟಾಪಿನ ಜೊತೆ ಮಾತಾಡುತ್ತಾ ಎಚ್ಚರವಾಗಿಯೇ ಇರುತ್ತಿತ್ತು. 2015ರಲ್ಲಿ ಆ್ಯಂಡ್ರಾಯ್ಡ್ 6ರ ಜೊತೆ ಬಂದ ಡೋಝ್, ಅಂದರೆ ಬಳಸದೇ ಬಿಟ್ಟ ಯಂತ್ರವನ್ನು ಮಲಗಿಸಿ ಬ್ಯಾಟರಿ ಉಳಿಸುವ ವ್ಯವಸ್ಥೆ ಕೂಡ ಹಾಗೇ, ಚಾರ್ಜಿಗೆ ಹಾಕಿದ ಯಂತ್ರವನ್ನು ಅದು ಮುಟ್ಟುವುದೇ ಇಲ್ಲ. ಕೇಬಲ್ ಹಾಕಿಕೊಂಡೇ ಕೇಬಲ್ ಇಲ್ಲದಂತೆ ನಟಿಸಲು ಲ್ಯಾಪ್‌ಟಾಪಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಎಂಬ ಸಾಧನದಲ್ಲಿ ಒಂದು ಆಜ್ಞೆ ಇದೆ: 'ಡಂಪ್‌ಸಿಸ್ ಬ್ಯಾಟರಿ ಅನ್‌ಪ್ಲಗ್'. ಈಗ ನನ್ನ ಪ್ರತಿ ಪರೀಕ್ಷೆಯೂ ಆ ಸಾಲಿನಿಂದಲೇ ಶುರುವಾಗುತ್ತದೆ.

ಅಮ್ಮ ಬೇಳೆಯನ್ನು ಎಸೆಯಲಿಲ್ಲ. ಸೋಸಿ, ಬೆಲ್ಲ ಹಾಕಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮಗುಚುತ್ತಾ ನಿಂತಳು. ನೀರು ಆರಿ ಹೂರಣ ಉಂಡೆ ಕಟ್ಟುವಷ್ಟಾಗಲು ಮುಕ್ಕಾಲು ಗಂಟೆ ಹಿಡಿಯಿತು. ಹಬ್ಬದ ದಿನ, ಅಷ್ಟು ಹೊತ್ತು ಹೆಚ್ಚಿಗೆ ನಿಂತಳು. ನಾನು ಪಕ್ಕದಲ್ಲಿ ನಿಂತು ಸೌಟು ಕೇಳಿದೆ, ಕೊಡಲಿಲ್ಲ.

ಊಟ ಎರಡೂವರೆಗಾಯಿತು. ಒಬ್ಬಟ್ಟು ಅಂಚಿನಲ್ಲಿ ಒಡೆದಿತ್ತು. ರುಚಿ ಮಾತ್ರ ಅಜ್ಜಿಯದ್ದೇ.

ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಮತ್ತೆ ಕೂತೆ. ಈಗ ಟೈಮರ್ ಎಣಿಸುವುದೇ ಇಲ್ಲ. ಮುಗಿಯುವ ಕ್ಷಣವನ್ನು ನಿದ್ದೆ ಮಾಡದ ಗಡಿಯಾರದ ಲೆಕ್ಕದಲ್ಲಿ ಬರೆದಿಡುತ್ತದೆ. ಸ್ಕ್ರೀನ್ ಎದ್ದಾಗಲೆಲ್ಲ ಅದರಿಂದ ಈಗಿನ ಹೊತ್ತನ್ನು ಕಳೆದು ತೋರಿಸುತ್ತದೆ. ಕೊನೆಯಲ್ಲಿ ವಾಚನ್ನು ಎಬ್ಬಿಸಿ ಕೈ ಗುರ್ ಎನಿಸುವ ಕೆಲಸ ಅಲಾರ್ಮ್ ಮ್ಯಾನೇಜರಿಗೆ. ಹೊತ್ತಿಗೆ ಸರಿಯಾಗಿ ಬಡಿಯುವ ಅಲಾರ್ಮಿಗೆ ಆ್ಯಂಡ್ರಾಯ್ಡ್ 12ರಿಂದ ಬೇರೆಯೇ ಪರ್ಮಿಷನ್ ಬೇಕು. ಅದನ್ನೂ ಸೇರಿಸಿದೆ.

ಆಮೇಲೆ ಮಂಕು ಸ್ಕ್ರೀನಿನ ಕೆಲಸ. ವೇರ್ ಓಎಸ್, ಅಂದರೆ ವಾಚಿಗೆಂದೇ ಇರುವ ಆ್ಯಂಡ್ರಾಯ್ಡ್, ಓಡುವ ವಾಚಿನಲ್ಲಿ ಕೈ ಇಳಿಸಿದಾಗ ಬರುವ ಸ್ಥಿತಿಗೆ ಆಂಬಿಯಂಟ್ ಎನ್ನುತ್ತಾರೆ. ನನ್ನ ಆ್ಯಪ್ ಅದಕ್ಕೆ ಏನೂ ಸಿದ್ಧ ಮಾಡಿಕೊಂಡಿರಲಿಲ್ಲ. ಆಂಬಿಯಂಟಿನಲ್ಲಿ ಆ್ಯಪಿಗೆ ಬರೆಯಲು ಅವಕಾಶ ಸಿಗುವುದು ಸುಮಾರು ನಿಮಿಷಕ್ಕೊಂದು ಸಲ. ಅಲ್ಲಿ ಸೆಕೆಂಡು ತೋರಿಸಿದರೆ ಅದು ನಿಂತ ಸೆಕೆಂಡು, ನೋಡಿದವರು ಟೈಮರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಸೆಕೆಂಡು ತೆಗೆದೆ. ಬಣ್ಣ ತೆಗೆದೆ. ಹಿನ್ನೆಲೆ ಕಪ್ಪು ಮಾಡಿದೆ, ಓಲೆಡ್ ಸ್ಕ್ರೀನಿನಲ್ಲಿ ಕಪ್ಪು ಚುಕ್ಕೆ ಎಂದರೆ ಉರಿಯದ ಚುಕ್ಕೆ. ಒಂದೇ ಅಕ್ಷರ ಒಂದೇ ಜಾಗದಲ್ಲಿ ತುಂಬ ಹೊತ್ತು ಉರಿದರೆ ಕಲೆ ಉಳಿಯುತ್ತದೆ, ಹಾಗಾಗಿ ನಿಮಿಷಕ್ಕೊಮ್ಮೆ ಇಡೀ ಬರಹವನ್ನು ಒಂದೆರಡು ಪಿಕ್ಸೆಲ್ ಸರಿಸಿದೆ. ಟೈಮರ್ ಓಡುತ್ತಿರುವಾಗ ವಾಚಿನ ಮುಖಪುಟದಲ್ಲೇ ಒಂದು ಪುಟ್ಟ ಗುರುತು ಕಾಣುವಂತೆ ಆನ್‌ಗೋಯಿಂಗ್ ಆ್ಯಕ್ಟಿವಿಟಿಯನ್ನೂ ಸೇರಿಸಿದೆ. ಆ್ಯಪ್ ಹಿಂದೆ ಸರಿದರೂ ಒಂದು ಸಲ ಮುಟ್ಟಿದರೆ ವಾಪಸ್ ಬರಬಹುದು.

ನನ್ನನ್ನು ಬಹಳ ಹೊತ್ತು ಹಿಡಿದದ್ದು ನಮ್ಮ ಅಕ್ಷರ. ವಾಚಿನ ತಲೆಬರಹದಲ್ಲಿ 'ಒಬ್ಬಟ್ಟು' ಎಂದು ಇರಬೇಕಾದಲ್ಲಿ 'ಒಬಟು' ಎಂದಿತ್ತು. ಸಾಲಿನ ಎತ್ತರವನ್ನು ನಾನು ಇಂಗ್ಲಿಷ್ ಅಕ್ಷರದ ಅಳತೆಗೆ ಕಟ್ಟಿಹಾಕಿದ್ದೆ, ಕೆಳಗಿನ ಒತ್ತುಗಳು ಕತ್ತರಿಸಿಹೋಗಿದ್ದವು. ಬೆಲ್ಲ 'ಬೆಲ' ಆಗಿತ್ತು, ಎಣ್ಣೆ 'ಎಣೆ' ಆಗಿತ್ತು. ಕನ್ನಡದ ಆ್ಯಪ್ ಎಂದು ಹೇಳಿ ಒತ್ತಕ್ಷರ ಕತ್ತರಿಸಿ ಕೊಡುವುದು ಸರಿಯಲ್ಲ. ಎತ್ತರ ಸಡಿಲಿಸಿದೆ. ಗುಂಡು ಸ್ಕ್ರೀನಿನ ಮೇಲ್ತುದಿಯಲ್ಲಿ ಅಗಲ ಕಮ್ಮಿ, ಅಲ್ಲಿಂದ ಹೆಸರನ್ನು ಕೆಳಗಿಳಿಸಿದೆ. ಆಂಬಿಯಂಟಿನಲ್ಲಿ ಇನ್ನೊಂದು ಕಷ್ಟ ಇದೆ. ಕೆಲವು ವಾಚುಗಳು ಆಗ ಬಣ್ಣದ ಮಟ್ಟಗಳನ್ನು ತೀರಾ ಇಳಿಸುತ್ತವೆ, ಅಕ್ಷರದ ಅಂಚು ನಯಮಾಡಲು ಬೇಕಾದ ನಡುವಿನ ಬೂದು ಇರುವುದಿಲ್ಲ. ಇಂಗ್ಲಿಷಿನ ನೆಟ್ಟನೆ ಗೆರೆಗಳು ಹೇಗೋ ತಡೆದುಕೊಳ್ಳುತ್ತವೆ. ನಮ್ಮದು ಪೂರಾ ಉರುಟು ಲಿಪಿ. ತಲೆಕಟ್ಟು ಗರಗಸದ ಹಲ್ಲಿನಂತೆ ಕಂಡಿತು. ಆ ಸ್ಥಿತಿಯಲ್ಲಿ ಹೆಸರು ಬೇಡವೆಂದು ತೀರ್ಮಾನಿಸಿ, ದೊಡ್ಡ ಅಂಕಿ ಮತ್ತು ಕೆಳಗೆ 'ನಿಮಿಷ' ಎಂಬ ಒಂದೇ ಪದ ಉಳಿಸಿದೆ. ಅದನ್ನೂ ಎರಡು ಅಳತೆ ದೊಡ್ಡದು ಮಾಡಿದೆ.

ನ್ಯೂಜೆರ್ಸಿಯಲ್ಲಿರುವ ಅಕ್ಕ ಐಫೋನಿನಲ್ಲೂ ಬೇಕು ಎಂದು ಕೇಳುತ್ತಿದ್ದಾಳೆ. ಅಲ್ಲಿ ಮುಟ್ಟದೇ ಬಿಟ್ಟ ಸ್ಕ್ರೀನನ್ನು ಆರಿಸುವ 'ಐಡಲ್ ಟೈಮರ್' ನಿಲ್ಲಿಸುವ ಸ್ವಿಚ್ ಇಡೀ ಆ್ಯಪಿಗೆ ಒಂದೇ. ಅಡುಗೆ ಪುಟದಿಂದ ಹೊರಬರುವಾಗ ನಾನೇ ನೆನಪಿಟ್ಟು ವಾಪಸ್ ಹಾಕಬೇಕು. ಅದಕ್ಕೆ ಇನ್ನೂ ಕೈ ಹಾಕಿಲ್ಲ.

ಮುಂದಿನ ಭಾನುವಾರ ಅಮ್ಮ ತಾನಾಗಿಯೇ ಮತ್ತೆ ಬೇಳೆ ಇಟ್ಟಳು. ನಾನು ಕರೆದಿರಲಿಲ್ಲ. ಫೋನ್ ಅದೇ ಜಾಡಿಗೆ ಒರಗಿತ್ತು, ಆರದೆ. ಕೈ ಇಳಿಸಿದಾಗ ವಾಚಿನಲ್ಲಿ ಬಿಳಿ 18, ಆಮೇಲೆ 17, ಹೀಗೆ ಇಳಿಯುತ್ತಾ ಬಂತು. ಮುಗಿದಾಗ ಗುರ್ ಎಂದಿತು. ಗೋಡೆ ಗಡಿಯಾರಕ್ಕೆ ಸರಿಯಾಗಿತ್ತು. ಅಮ್ಮ ಸೌಟಿನಿಂದ ನಾಲ್ಕು ಕಾಳು ತೆಗೆದು ಬೆರಳಲ್ಲಿ ಒತ್ತಿದಳು. ಇನ್ನೊಂದು ಸಲ ಒತ್ತಿದಳು.

"ಇನ್ನೆರಡು ನಿಮಿಷ ಬೇಕು. ಈ ಸಲದ ಬೇಳೆ ಗಟ್ಟಿ."

ವಾಚಿನಲ್ಲಿ ಎರಡು ನಿಮಿಷ ಸೇರಿಸುವ ದಾರಿ ಇರಲಿಲ್ಲ. ಆ ರಾತ್ರಿ ಗುಂಡು ಸ್ಕ್ರೀನಿನ ಕೆಳಗಿನ ಅರ್ಧ ಪೂರ್ತಿ ಒಂದೇ ಗುಂಡಿ ಮಾಡಿದೆ, ಬೆರಳಿನ ಗೆಣ್ಣಿನಿಂದ ಒತ್ತಿದರೂ ಸಿಗುವಷ್ಟು ದೊಡ್ಡದು. ಅದರ ಮೇಲೆ 'ಇನ್ನೆರಡು ನಿಮಿಷ' ಎಂದು ಬರೆದೆ. 'ನ್ನೆ' ಒತ್ತು ಪೂರ್ತಿ ಕಾಣುತ್ತದಾ ಎಂದು ಕೇಬಲ್ ಕಿತ್ತು, ವಾಚನ್ನು ಕೈಗೆ ಕಟ್ಟಿಕೊಂಡು, ಅಡುಗೆಮನೆಯ ದೀಪದ ಕೆಳಗೆ ನಿಂತು ನೋಡಿದೆ.