ಹಂಚಿನ ಮನೆ ಬಾಡಿಗೆಗೆ ಹಿಡಿಯುವ ಮುಂಚೆ ಅಟ್ಟ ಹತ್ತಿ

ಸಾಗರ, ತೀರ್ಥಹಳ್ಳಿ, ಶಿರಸಿಯಂಥ ಊರುಗಳಲ್ಲಿ ಮಕ್ಕಳೆಲ್ಲ ಬೆಂಗಳೂರು ಸೇರಿ ಬೀಗ ಬಿದ್ದ ದೊಡ್ಡ ಹಂಚಿನ ಮನೆಗಳು ಬಾಡಿಗೆಗೆ ಸಿಗುತ್ತವೆ. ಜಗಲಿ, ನಡುಮನೆ, ನಾಲ್ಕು ಕೋಣೆ, ಹಿತ್ತಲು, ಬಾವಿ. ಬಾಡಿಗೆ ಕೇಳಿದರೆ ಅಗ್ಗ ಅನ್ನಿಸುತ್ತದೆ. ಕೈ ಸುಡುವುದು ಆಮೇಲೆ, ಮಾಡು (ಹಂಚಿನ ಚಾವಣಿ) ಮತ್ತು ಬಾವಿಯ ಲೆಕ್ಕದಲ್ಲಿ.

ಮಳೆಗಾಲದಲ್ಲೇ ಮನೆ ನೋಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಒಂದೇ ಸಲ ಹೋಗಲಾಗುವುದಾದರೆ ಮೇ ತಿಂಗಳಲ್ಲಿ ಹೋಗಿ. ಸೋರಿದ ಗುರುತು ಬೇಸಿಗೆಯಲ್ಲೂ ಮರದ ಮೇಲೆ ಉಳಿದಿರುತ್ತದೆ. ಬಾವಿಯ ತಳ ಮಾತ್ರ ಜುಲೈನಲ್ಲಿ ಕಾಣುವುದಿಲ್ಲ. ಮೇ ಕೊನೆಗೆ ಬಾವಿಯಲ್ಲಿ ನಾಲ್ಕೈದು ಅಡಿ ನೀರಿದ್ದರೆ ಒಂದರ್ಧ ಗಂಟೆ ಪಂಪು ಓಡಿಸಿ, ಮರುದಿನ ಬೆಳಗ್ಗೆ ಎಷ್ಟು ಒರತೆ ಬಂದಿದೆ ನೋಡಿ.

ಅಟ್ಟ ಹತ್ತುವಾಗ ಟಾರ್ಚು ಇರಲಿ. ಹಂಚಿನ ಸಂದಿಯಲ್ಲಿ ಬೆಳಕು ಕಂಡಿತೆಂದು ಗಾಬರಿ ಬೇಡ, ಸರಿಯಾಗಿ ಕೂತ ಹಂಚಿನಲ್ಲೂ ಅಲ್ಲಲ್ಲಿ ಬೆಳಕು ಇಣುಕುತ್ತದೆ. ನೋಡಬೇಕಾದ್ದು ಹಂಚು ಕೂರುವ ಮರದ ಪಟ್ಟಿಗಳಾದ ರೀಪು, ಅವನ್ನು ಹೊರುವ ಪಕಾಸುಗಳ ಮೇಲಿನ ಕಪ್ಪು ಕಲೆ. ಕಲೆ ಉಗುರಿಗೆ ಮೆತ್ತಗೆ ಸಿಕ್ಕಿದರೆ ಅಲ್ಲಿ ವರ್ಷವರ್ಷವೂ ಸೋರುತ್ತಿದೆ. ಹೆಚ್ಚಾಗಿ ಹಂಚು ಒಡೆದಿರುವುದೇ ಇಲ್ಲ; ಎರಡು ಹಂಚು ಕೂಡುವ ಗಾಡಿಯಲ್ಲಿ, ಅಂದರೆ ಅಂಚಿನ ಕಾಲುವೆಯಂಥ ಗೀರಿನಲ್ಲಿ, ಎಲೆ, ಪಾಚಿ ಕಟ್ಟಿಕೊಂಡು ನೀರು ಹಿಂದಕ್ಕೆ ಹತ್ತಿ ಒಳಗೆ ಬೀಳುತ್ತದೆ. ಇದಕ್ಕೆ ಹಂಚು ಕೈಯಾಡಿಸಿದರೆ, ಅಂದರೆ ತೆಗೆದು ಶುಚಿ ಮಾಡಿ ಮತ್ತೆ ಕೂರಿಸಿದರೆ ಸಾಕು. ರೀಪು ಬಾಗಿದ್ದರೆ ಮಾತ್ರ ಕೆಲಸ ದೊಡ್ಡದು, ಎಷ್ಟು ಸಲ ಕೈಯಾಡಿಸಿದರೂ ಹಂಚು ಮತ್ತೆ ಬಾಯಿ ಬಿಡುತ್ತದೆ. ಎರಡು ಮಾಡು ಕೂಡುವ ಮೂಲೆಯ ತಗಡನ್ನೂ ಮುಟ್ಟಿ ನೋಡಿ, ತುಕ್ಕು ಹಿಡಿದು ತೂತಾಗುವುದು ಅಲ್ಲೇ.

ಹಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಅದನ್ನು ಬರೆದುಕೊಳ್ಳಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಒಂದರ ಗಾಡಿ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಹೊಸ ಹಂಚನ್ನು ಹಳೆಯದರ ನಡುವೆ ತುರುಕಿದರೆ ಸೋರುವ ಜಾಗ ಬದಲಾಗುತ್ತದೆ ಅಷ್ಟೇ. 100 ಚದರಡಿ ಮಾಡಿಗೆ ಸುಮಾರು 140–150 ಹಂಚು ಬೇಕು. ಅದೇ ಅಚ್ಚಿನ ಐವತ್ತಾದರೂ ಹಿತ್ತಲಲ್ಲಿ ಪೇರಿಸಿಟ್ಟಿದ್ದರೆ ಧೈರ್ಯ. ಮಂಗಗಳು ವರ್ಷಕ್ಕೊಂದಿಷ್ಟು ಒಡೆದೇ ಒಡೆಯುತ್ತವೆ.

ಬಾಗಿಲ ದಾರಂದದ (ಚೌಕಟ್ಟಿನ) ಬುಡವನ್ನು ಬೀಗದ ಕೈಯಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಗೆದ್ದಲು. ತೊಲೆಯ ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಮರ ಕೊರೆಯುವ ಕುಟ್ಟೆ ಹುಳು.

ಹಳೆಯ ಮನೆಗಳಲ್ಲಿ ಮಂಜೂರಾದ ಲೋಡು ಒಂದೋ ಎರಡೋ ಕಿಲೋವ್ಯಾಟ್ ಇರುತ್ತದೆ. ಗೀಸರ್ ಒಂದೇ 2 ಕಿಲೋವ್ಯಾಟ್, ಒಂದು ಎಚ್‌ಪಿ ಪಂಪಿಗೆ ಮತ್ತೆ ಮುಕ್ಕಾಲು. ಮರದ ಪಟ್ಟಿಯ ಮೇಲಿನ ವೈರಿಂಗ್ ಆಗಿದ್ದರೆ ಅರ್ಥಿಂಗ್ ಇದೆಯೇ ಅಂತ ಎಲೆಕ್ಟ್ರಿಷಿಯನ್ ಕರೆಸಿಯೇ ನೋಡಿಸಿ. ಬಚ್ಚಲಲ್ಲಿ ಹಂಡೆ ಒಲೆ ಇದ್ದರೆ ಗೀಸರಿನ ಹಂಗೇ ಬೇಡ, ಹಿತ್ತಲಿನ ಅಡಿಕೆ ಹಾಳೆ, ತೆಂಗಿನ ಗರಿಯಲ್ಲೇ ನೀರು ಕಾಯುತ್ತದೆ. ಗೃಹಜ್ಯೋತಿಗೆ ಹಿಂದಿನ ಬಾಡಿಗೆದಾರರ ಆಧಾರ್ ಆ ಮನೆಯ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರಿನಿಂದ ಡಿ-ಲಿಂಕ್ ಆಗಿರಬೇಕು. ಕೀಲಿ ಪಡೆಯುವ ದಿನವೇ ಇದನ್ನು ಕೇಳಿ.

ಕರಾರು ಸಾಮಾನ್ಯವಾಗಿ 11 ತಿಂಗಳಿಗೆ, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಸಿದ್ಧ ನಮೂನೆಯಲ್ಲಿ ಇಲ್ಲದ ಕೆಲವನ್ನು ಸೇರಿಸಿ: ಮಳೆಗೆ ಮುಂಚೆ ಹಂಚು ಕೈಯಾಡಿಸುವ ಕೂಲಿ ಯಾರದು, ಬಾವಿ ಕೆಸರು ತೆಗೆಸುವುದು ಯಾರು, ತೆಂಗು ಹಲಸು ಯಾರಿಗೆ, ಹಬ್ಬಕ್ಕೆ ಶ್ರಾದ್ಧಕ್ಕೆ ಮನೆಯವರು ಬಂದರೆ ಎಷ್ಟು ದಿನ. ಬಾಯಿಮಾತಿನಲ್ಲಿ ಬಿಟ್ಟರೆ ಜಗಳ ಶುರುವಾಗುವುದು ಹಲಸಿನಿಂದಲೇ!

ಇಂಥ ಮನೆಗಳಲ್ಲಿ ಒಂದು ಕೋಣೆಗೆ ಮಾಲೀಕರು ಸಾಮಾನು ತುಂಬಿ ಬೀಗ ಹಾಕಿರುತ್ತಾರೆ. ಬೇಡವೆನ್ನಲಾಗದು. ಆದರೆ ಅದರ ಒಂದು ಕೀಲಿ ಅದೇ ಊರಿನಲ್ಲಿ ಅವರ ನೆಂಟರ ಬಳಿಯಾದರೂ ಇರಲಿ. ಆ ಕೋಣೆಯ ಮೇಲಿನ ಹಂಚು ಸರಿದರೆ ನೀರು ಹರಿದು ಬರುವುದು ನಡುಮನೆಗೇ.