ಐದನೇ ನಿಮಿಷಕ್ಕೆ ನಿಲ್ಲುತ್ತಿದ್ದ ಪ್ರೋಗ್ರಾಂ

ಚಿಕ್ಕ ವಿಡಿಯೋ ಕೊಟ್ಟರೆ ನನ್ನ ಜಾವಾ ಪ್ರೋಗ್ರಾಂ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ದೊಡ್ಡದು ಕೊಟ್ಟರೆ ಸುಮಾರು ಐದು ನಿಮಿಷ ಓಡಿ ನಿಂತುಬಿಡುತ್ತಿತ್ತು. ಎರರ್ ಇಲ್ಲ, ಎಕ್ಸೆಪ್ಶನ್ ಇಲ್ಲ, ಸಿಪಿಯು ಬಳಕೆ ಸೊನ್ನೆ. ಪ್ರೋಗ್ರಾಂ ಒಳಗಿನಿಂದ ಓಡಿಸುತ್ತಿದ್ದ ಕಮಾಂಡನ್ನೇ ನೇರವಾಗಿ ಟರ್ಮಿನಲ್‌ನಲ್ಲಿ ಕೊಟ್ಟರೆ ಮಾತ್ರ ಸಲೀಸಾಗಿ ಮುಗಿಯುತ್ತಿತ್ತು.

ಪ್ರೋಗ್ರಾಂ ಮಾಡುತ್ತಿದ್ದದ್ದು ಇಷ್ಟೇ. ವಿಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಎಂಬ ಬೇರೆ ಪ್ರೋಗ್ರಾಂ ಶುರು ಮಾಡುವುದು, ಜಾವಾದ ವೇಟ್‌ಫಾರ್ ಮೆಥಡ್ ಕರೆದು ಅದು ಮುಗಿಯುವ ತನಕ ಕಾಯುವುದು. ಜಾವಾ ಥ್ರೆಡ್‌ಗಳು (ಕೆಲಸದ ಎಳೆಗಳು) ಎಲ್ಲಿ ನಿಂತಿವೆ ಅಂತ ತೋರಿಸುವ ಜೆಸ್ಟ್ಯಾಕ್ ಹಾಕಿ ನೋಡಿದೆ. ನನ್ನ ಥ್ರೆಡ್ ವೇಟ್‌ಫಾರ್‌ನಲ್ಲೇ ಕೂತಿತ್ತು. ಎಫ್‌ಎಫ್‌ಎಂಪೆಗ್ ಏನು ಮಾಡುತ್ತಿದೆ ಅಂತ ಆಪರೇಟಿಂಗ್ ಸಿಸ್ಟಂಗೆ ಹೋಗುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್‌ನಲ್ಲಿ ನೋಡಿದರೆ ಒಂದೇ ಒಂದು ಸಾಲು: ರೈಟ್, ಫೈಲ್ ನಂಬರ್ 2. ಅಂದರೆ ಸ್ಟ್ಯಾಂಡರ್ಡ್ ಎರರ್, ಪ್ರೋಗ್ರಾಂಗಳು ತಮ್ಮ ಸಂದೇಶಗಳನ್ನು ಬರೆಯುವ ಜಾಗ. ಬರೆಯಲು ಹೋಗಿ ಅಲ್ಲೇ ಸಿಕ್ಕಿಕೊಂಡಿದೆ.

ಎಫ್‌ಎಫ್‌ಎಂಪೆಗ್ ತನ್ನ ಪ್ರಗತಿಯ ಸಾಲನ್ನು ಅರ್ಧ ಸೆಕೆಂಡಿಗೊಮ್ಮೆ ಸ್ಟ್ಯಾಂಡರ್ಡ್ ಎರರ್‌ಗೆ ಬರೆಯುತ್ತದೆ. ಜಾವಾದಿಂದ ಓಡಿಸಿದಾಗ ಅದು ಬಂದು ಬೀಳುವುದು ಒಂದು ಪೈಪ್‌ಗೆ, ಅಂದರೆ ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದು ಓದುವ ದಾರಿಗೆ. ಲಿನಕ್ಸ್‌ನಲ್ಲಿ ಪೈಪ್‌ನ ಬಫರ್ (ಓದುವ ತನಕ ಡೇಟಾ ಕಾಯುವ ಜಾಗ) ಸಾಮಾನ್ಯವಾಗಿ 64 ಕೆಬಿ. ಒಂದು ಸಾಲು ನೂರು ಬೈಟ್ ಅಂದುಕೊಳ್ಳಿ. ಐದು ನಿಮಿಷಕ್ಕೆ 600 ಸಾಲು, ಹತ್ತಿರ ಹತ್ತಿರ 60 ಕೆಬಿ. ಲೆಕ್ಕ ಸರಿಹೋಯಿತು ಅಲ್ವಾ? ಬಫರ್ ತುಂಬಿತು, ನಾನು ಓದುತ್ತಿಲ್ಲ. ನಾನು ಓದಲಿ ಅಂತ ಅದು ಕಾಯುತ್ತಿದೆ, ಅದು ಮುಗಿಯಲಿ ಅಂತ ನಾನು ಕಾಯುತ್ತಿದ್ದೇನೆ. ಈ ಲೆಕ್ಕ ಹೊಂದಿದ ಕ್ಷಣದ ಖುಷಿ ನನಗೆ ಇವತ್ತಿಗೂ ನೆನಪಿದೆ.

ಮೊದಲು, ಜಾವಾದಲ್ಲಿ ಹೊರಗಿನ ಪ್ರೋಗ್ರಾಂ ಶುರು ಮಾಡುವ ಪ್ರೊಸೆಸ್‌ಬಿಲ್ಡರ್‌ನಲ್ಲಿ ರಿಡೈರೆಕ್ಟ್‌ಎರರ್‌ಸ್ಟ್ರೀಮ್ ಅನ್ನು ಟ್ರೂ ಮಾಡಿ, ಮಾಮೂಲಿ ಔಟ್‌ಪುಟ್, ಸ್ಟ್ಯಾಂಡರ್ಡ್ ಎರರ್ ಎರಡೂ ಒಂದೇ ಕಡೆ ಬರುವ ಹಾಗೆ ಮಾಡಿದೆ. ಆಮೇಲೆ ಗೆಟ್‌ಇನ್‌ಪುಟ್‌ಸ್ಟ್ರೀಮ್‌ನಿಂದ ಸಾಲು ಸಾಲಾಗಿ ಓದಿದೆ. (ಹೆಸರು ನೋಡಿ ಮೋಸ ಹೋಗಬೇಡಿ, ನಾವು ಶುರು ಮಾಡಿದ ಮಗು ಪ್ರೊಸೆಸ್‌ನ ಔಟ್‌ಪುಟ್ ನಮಗೆ ಇನ್‌ಪುಟ್.) ನಿಲ್ಲುವುದು ತಪ್ಪಿತು. ಆದರೆ ಟೈಮ್‌ಔಟ್ ಬೇಕು ಅಂದಾಗ ಇನ್ನೊಂದು ತೊಡಕು. ಜಾವಾ 8ರಿಂದ ವೇಟ್‌ಫಾರ್‌ಗೆ ಸಮಯದ ಮಿತಿ ಕೊಡಬಹುದು, ನಿಜ. ಓದುವ ಲೂಪ್ ಅದಕ್ಕೂ ಮೊದಲೇ ಅದೇ ಥ್ರೆಡ್‌ನಲ್ಲಿ ಕಾಯುತ್ತಾ ಕೂತರೆ ಆ ಮಿತಿಯ ತನಕ ನಾವು ತಲುಪುವುದೇ ಇಲ್ಲ. ಹಾಗಾಗಿ ಈಗ ಔಟ್‌ಪುಟ್ಟನ್ನು ನೇರವಾಗಿ ಲಾಗ್ ಫೈಲ್‌ಗೇ ತಿರುಗಿಸುತ್ತೇನೆ. ರಿಡೈರೆಕ್ಟ್‌ಔಟ್‌ಪುಟ್ ಜಾವಾ 7ರಿಂದಲೇ ಇದೆ. ಪೈಪೂ ಇಲ್ಲ, ಓದುವ ಥ್ರೆಡ್ಡೂ ಬೇಡ.

ಹೊರಗಿನ ಪ್ರೋಗ್ರಾಂ ಓಡಿಸುವ ಜಾವಾದ ಇನ್ನೊಂದು ದಾರಿಯಾದ ರನ್‌ಟೈಮ್ ಎಕ್ಸೆಕ್‌ಗೆ ಇಡೀ ಕಮಾಂಡನ್ನು ಒಂದೇ ಸ್ಟ್ರಿಂಗ್ ಆಗಿ ಕೊಡುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಅದು ಖಾಲಿ ಜಾಗ ಕಂಡಲ್ಲೆಲ್ಲ ತುಂಡು ಮಾಡುತ್ತದೆ, ಕೋಟ್ ಹಾಕಿದರೂ ಲೆಕ್ಕಕ್ಕಿಲ್ಲ. ಫೈಲ್ ಹೆಸರಿನಲ್ಲಿ ಒಂದು ಸ್ಪೇಸ್ ಇದ್ದರೆ ಕೆಟ್ಟಿತು. ಜಾವಾ 18ರಲ್ಲಿ ಅದನ್ನು ಡೆಪ್ರಿಕೇಟ್ (ಇನ್ನು ಬಳಸಬೇಡಿ ಅನ್ನುವ ಗುರುತು) ಕೂಡ ಮಾಡಿದ್ದಾರೆ. ಪ್ರೊಸೆಸ್‌ಬಿಲ್ಡರ್‌ಗೆ ಒಂದೊಂದು ಆರ್ಗ್ಯುಮೆಂಟನ್ನೂ ಬೇರೆ ಬೇರೆಯಾಗಿ ಕೊಟ್ಟರೆ ಈ ತಲೆನೋವಿಲ್ಲ.

ಹೀಗೆ ಜಾವಾದಿಂದ ಓಡಿಸಿದಾಗ ನಡುವೆ ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡನ್ನು ಅರ್ಥ ಮಾಡಿಕೊಳ್ಳುವ ಪ್ರೋಗ್ರಾಂ) ಇರುವುದಿಲ್ಲ ಅನ್ನುವುದನ್ನೂ ಮರೆಯಬಾರದು. ನಕ್ಷತ್ರ ಚಿಹ್ನೆ, ಪೈಪ್ ಚಿಹ್ನೆ ಎಲ್ಲ ಬರೀ ಅಕ್ಷರಗಳಾಗಿ ಹೋಗುತ್ತವೆ. ಅವು ಬೇಕೇ ಬೇಕು ಅಂದರೆ ಶೆಲ್ಲನ್ನೇ ಕರೆದು, ಮೈನಸ್ ಸಿ (-c) ಜೊತೆ ಕಮಾಂಡ್ ಕೊಡಬೇಕು. ಆದರೆ ಬಳಕೆದಾರರು ಟೈಪ್ ಮಾಡಿದ ಹೆಸರನ್ನು ಆ ಸ್ಟ್ರಿಂಗ್‌ಗೆ ದಯವಿಟ್ಟು ಅಂಟಿಸಬೇಡಿ. ಹೆಸರಿನಲ್ಲಿ ಒಂದು ಸೆಮಿಕೋಲನ್ ಬಂದರೆ ಸಾಕು, ಅದರ ಮುಂದಿನದು ಇನ್ನೊಂದು ಕಮಾಂಡ್ ಆಗಿ ಓಡುತ್ತದೆ. ಟೈಮ್‌ಔಟ್ ಆದಾಗಲೂ ತೊಂದರೆ: ಪ್ರೊಸೆಸ್ ನಿಲ್ಲಿಸುವ ಡಿಸ್ಟ್ರಾಯ್ ಕರೆದರೆ ಶೆಲ್ ಮಾತ್ರ ಸತ್ತು, ಅದು ಶುರು ಮಾಡಿದ ಪ್ರೊಸೆಸ್ ಹಿಂದೆ ಓಡುತ್ತಲೇ ಇರಬಹುದು. ಅದಕ್ಕೇ ನಾನು ಜಾವಾ 9ರಲ್ಲಿ ಬಂದ ಡಿಸೆಂಡೆಂಟ್ಸ್ ಬಳಸಿ ಮೊದಲು ಶೆಲ್ ಶುರು ಮಾಡಿದ ಪ್ರೊಸೆಸ್‌ಗಳನ್ನು ನಿಲ್ಲಿಸಿ, ಆಮೇಲೆ ಶೆಲ್ಲನ್ನು ನಿಲ್ಲಿಸುತ್ತೇನೆ.