ದಿನಕ್ಕೊಂದು ಗಿಡ

ಹ್ಯೂ ಕ್ಲೆಗಾರ್ನ್ ಅನ್ನೋ ಹೆಸರು ನಮ್ಮ ಮಲೆನಾಡಿನವರಿಗೆ ಇನ್ನೂ ಜಾಸ್ತಿ ಗೊತ್ತಿರಬೇಕಿತ್ತು ಅನ್ಸುತ್ತೆ. 1820ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಡಾಕ್ಟರಿಕೆ ಓದಿ, ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಸೇರಿ, 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದವರು. ಅಲ್ಲಿ ದಿನಕ್ಕೊಂದು ಗಿಡವನ್ನಾದರೂ ಸರಿಯಾಗಿ ನೋಡಬೇಕು ಅಂತ ರೂಢಿ ಮಾಡಿಕೊಂಡರು, ಅದರ ಚಿತ್ರ ಬರೆಯೋಕೆ ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡರು. ಅವರು ಬರೆಸಿದ ಚಿತ್ರಗಳು ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ನಿಜ ಹೇಳ್ಬೇಕಂದ್ರೆ, ನನಗೆ ಸಾಹೇಬರಷ್ಟೇ ಪ್ರೀತಿ ಆ ಚಿತ್ರಕಾರನ ಮೇಲೂ ಇದೆ. ಎಲೆಯ ನರ, ಹೂವಿನ ಎಸಳು, ಕಾಯಿ, ಬೀಜ ಎಲ್ಲವನ್ನೂ ಅಷ್ಟು ತಾಳ್ಮೆಯಿಂದ ನೋಡಿದ ಕಣ್ಣು ಅವನದು, ಅಲ್ವಾ?

ಕಾಡು ಕಡಿದರೆ ಮಳೆ, ನೀರು, ಮಣ್ಣು ಏನಾಗುತ್ತೆ ಅಂತ ಕ್ಲೆಗಾರ್ನ್ 1850ರ ಹೊತ್ತಿಗೇ ಕೇಳುತ್ತಿದ್ದರು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣೆಯ ಹೊಣೆ ಅವರಿಗೇ ಬಂತು. ರೈಲು ಹಳಿಯ ಕೆಳಗೆ ಅಡ್ಡ ಹಾಸುವ ಮರದ ಸ್ಲೀಪರ್‌ಗೆ ಅಂತ ಮರಗಳು ಉರುಳುತ್ತಿದ್ದ ಕಾಲ ಅದು.

ಆದರೆ ಕುಮರಿ ಬೇಸಾಯವನ್ನೂ ಅವರು ಬಲವಾಗಿ ವಿರೋಧಿಸಿದರು. ಗುಡ್ಡದ ಜನ ಕಾಡು ಸವರಿ, ಸುಟ್ಟು, ರಾಗಿ ಬಿತ್ತಿ ಬದುಕುತ್ತಿದ್ದರು. ಅವರ ಹೊಟ್ಟೆಪಾಡಿನ ಲೆಕ್ಕ ಕ್ಲೆಗಾರ್ನ್ ಬರೆದ ವರದಿಗಳಲ್ಲಿ ತೀರಾ ಹಗುರವಾಯ್ತು. ಅದು ನನಗೆ ಇವತ್ತಿಗೂ ನೋವಿನ ವಿಷಯ.